ಒಂದು ಸ್ಟೀಲಿನ ಡಬ್ಬಿ, ಒಂದು ಕೌದಿ

ಚಿಂಚವಾಡ, ಪುಣೆ

ಪ್ರೀತಿಯ ಮಗಳ,

ಹೆಂಗದಿ? ನೀ ಫೋಟೋ ಕಳಿಸಿ ಮೂರು ದಿನ ಆತು, ನಾ ಬರೇ ಒಂದು ಹೆಬ್ಬೆಟ್ಟಿನ ಇಮೋಜಿ ಒತ್ತಿ ಸುಮ್ಮನಾದೆ, ನಿನಗ ಸಿಟ್ಟು ಬಂದಿರಬೇಕು. ವಾಟ್ಸಾಪಿನ್ಯಾಗ ಎರಡು ಸಾಲಿಗಿ ಮುಗಿಯೂ ಮಾತಲ್ಲ ಇದು. ಇವತ್ತು ನಿಮ್ಮ ಅಪ್ಪಾಜಿ ಬ್ಯಾಂಕಿಗಿ ಹೋಗ್ಯಾರ, ಕುಕ್ಕರ್ ಇಳಿಸಿ, ಬಾಗಲಾ ಮುಂದ ಮಾಡಿ, ಬರಿಯಾಕ ಕುಂತೀನಿ.

ಅಟ್ಲಾಂಟಾದ ಮ್ಯೂಸಿಯಂದಾಗ ಗೋಡಿಗಿ ತೂಗ ಹಾಕಿದ ಕೌದಿ! ಅದರ ಕೆಳಗ ನೀ ಬರದಿದ್ದಿ, "ಅವ್ವಾ, ಥೇಟ್ ಆಯಿ ಕೌದಿ ಹಂಗ ಐತಿ ನೋಡು, ನಮ್ಮದು ಖರೇನ ಇಲಿ ಕಡದು ಹಾಳಾತೇನು?" ಅಂತ. ಇಷ್ಟು ವರ್ಷ ನಾ ಹಂಗಂತ ಹೇಳಕೋತ ಬಂದೀನಿ. ಸುಳ್ಳದು. ಇಲಿ ಪಾಪ ಏನೂ ಮಾಡಿಲ್ಲ.

(ಆಯಿ ಅಂದಕೂಡಲೇ ನೆನಪಾತು, ಬಾಲವಾಡ್ಯಾಗ ನೀ "ನಮ್ಮ ಆಯಿ ಊರಾಗಿರ್ತಾಳ" ಅಂತ ಹೇಳಿ, ನಮ್ಮ ಕಡೆ ಆಯಿ ಅಂದ್ರ ಅಜ್ಜಿ, ಇಲ್ಲಿ ಮಂದಿಗಿ ತಾಯಿ ಅಲ್ಲಾ, ನಿಮ್ಮ ಟೀಚರ್ ನನ್ನ ಮಲತಾಯಿ ಅಂತ ತಿಳಕೊಂಡಿದ್ರು. ವರ್ಷಗಟ್ಟಲೆ ನನ್ನ ಒಂದು ನಮೂನಿ ನೋಡತಿದ್ರು.)

ಆ ಕೌದಿ ನನ್ನ ಲಗ್ನದಾಗ ಟ್ರಂಕಿನ ಜೋಡಿ ಬಂದದ್ದು, 1989ರಾಗ. ಗುಳೇದಗುಡ್ಡದ ಮನಿ ಪಡಸಾಲ್ಯಾಗ ನಮ್ಮವ್ವ, ನಿಮ್ಮ ದೊಡ್ಡವ್ವ, ಓಣ್ಯಾಗಿನ ಇನ್ನಿಬ್ಬರು ಹೆಣ್ಣಮಕ್ಕಳು ಕೂಡಿ ಒಂದು ಬ್ಯಾಸಗಿ ಪೂರ್ತಿ ಕುಂತು ಹೊಲಿದಿದ್ರು. ಕೆಳಗ ನಮ್ಮಪ್ಪನ ಎರಡು ಧೋತರ, ನಡುವ ನಾಕೈದು ಹಳೇ ಇಳಕಲ್ ಸೀರಿ, ಮ್ಯಾಲ ಖಣದ ತುಂಡು. ನಮ್ಮೂರು ಖಣ ನೇಯೂ ಊರು, ಕುಬಸಕ್ಕ ಸಾಲದ ತುಂಡು ಮಗ್ಗದ ಮನಿಗಳಾಗ ಸಿಗತಿದ್ವು, ಹಿಂಗಾಗಿ ನಮ್ಮ ಕೌದಿ ಬ್ಯಾರೇ ಊರಿನ ಕೌದಿಗಿಂತ ಒಂದೀಟು ಠೀವಿಲೇ ಇರತಿತ್ತು ನೋಡು. ನಟ್ಟನಡುವ ಟೋಪ್ ತೆನಿ ಸೆರಗಿನ ಕೆಂಪು ತುಂಡು. ನೀ ಸಣ್ಣಾಕಿದ್ದಾಗ ಆ ಕೆಂಪಿನ ಮ್ಯಾಲೇ ಕೆನ್ನಿ ಇಟ್ಟು, ಕಾಲ ಹೊಟ್ಟಿಗಿ ಮಡಚಿ, ಹುಣಸಿಕಾಯಿ ಹಂಗ ಬಗ್ಗಿ ಮಲಗಾಕಿ. ಬ್ಯಾರೇ ಕಡೆ ಮಲಗಿಸಿದ್ರ ಉರುಳಕೋತ ಬಂದು ಅಲ್ಲೇ ಬರಾಕಿ.

ನನಗ ಮಾತ್ರ ಅದರದೊಂದು ನಾಚಿಕಿ. ಇಲ್ಲಿ ಮಂದಿಗೂ ಅದೇನು ಹೊಸಾದಲ್ಲ, ಗೋಧಡಿ ಅಂತಾರ, ಅವರ ಮನ್ಯಾಗೂ ಇರತಾವ. ಖರೆ ನನ್ನ ತಲ್ಯಾಗ ಕೌದಿ ಅಂದ್ರ ಬಡವರ ಹಾಸಿಗಿ ಅಂತ ಕುಂತಬಿಟ್ಟಿತ್ತು. ಯಾರರ ಬಂದ್ರ ಮಡಚಿ ಕಾಟಿನ ಕೆಳಗ ತಳ್ಳೂದು, ಅವರು ಹೋದ ಮ್ಯಾಲ ಎಳಿಯೂದು.

ಸವಾಯಿ ಗಂಧರ್ವ ಸಂಗೀತ ಉತ್ಸವದ ಆ ರಾತ್ರಿ ನಿನಗ ನೆನಪಿರಲಿಕ್ಕಿಲ್ಲ, ನಾಕು ವರ್ಷದಾಕಿ ನೀ. ಅಪ್ಪಾಜಿದು ಡೈಲಾಗು ನಿನಗ ಬಾಯಿಪಾಠ ಐತಿ, ಗದಗಿನ ಭೀಮಸೇನ ಜೋಶಿಯವರು ಕುಂದಗೋಳದ ಗುರುಗಳ ನೆನಪಿಗಿ 1953ರಾಗ ಶುರು ಮಾಡಿದ್ದು, ಅಂದ್ರ ನಮ್ಮ ಮನಿ ಕಾರ್ಯಕ್ರಮ, ನಾವೇ ಹೋಗದಿದ್ರ ಹೆಂಗ ಅಂತ. ಆಗ ರಾತ್ರಿ ಬೆಳತನಕ ನಡೀತಿತ್ತು, ಈಗಿನಂಗ ಹತ್ತಕ್ಕ ಮೈಕ್ ಬಂದ್ ಮಾಡೂ ಕಾನೂನು ಇರಲಿಲ್ಲ. ರಮಣಬಾಗ್ ಸಾಲಿ ಮೈದಾನ, ಡಿಸೆಂಬರಿನ ಥಂಡಿ, ಮಂದಿ ಶಾಲು ಸ್ವೆಟರ್ ಮಫ್ಲರ್ ಹಾಕ್ಕೊಂಡು ಕುಂತಾರ, ನಿಮ್ಮ ಅಪ್ಪಾಜಿ ಎಲ್ಲಾರ ಮುಂದ ಚೀಲದಾಗಿಂದ ಕೌದಿ ಹೊರಗ ತಗದ್ರು! ನನಗ ಭೂಮಿ ಬಾಯಿ ಬಿಟ್ಟು ನುಂಗಬಾರದ ಅನಸ್ತು. ಬಾಜೂಕ ಒಬ್ಬರು ವಯಸ್ಸಾದ ಬಾಯಿ, ಕನ್ನಡಕ, ಚಲೋ ಸೀರಿ, ಸದಾಶಿವ ಪೇಠದವರಿರಬೇಕು ಅನಸೂ ಹಂಗಿದ್ರು, ಅವರು ಒಂದು ಸಲ ನೋಡಿದ್ರು, ಎರಡನೇ ಸಲ ನೋಡಿದ್ರು, ಆಮ್ಯಾಲ ಅಂಚು ಹಿಡಕೊಂಡು "ಜರಾ ಘೇಊ ಕಾ?" ಅಂತ ಕೇಳಿ ತಮ್ಮ ಮೊಣಕಾಲ ಮ್ಯಾಲ ಎಳಕೊಂಡ್ರು. "ಕಿತೀ ಊಬ್ ಆಹೇ ಹೋ ಹ್ಯಾತ", ಇದರಾಗ ಎಷ್ಟು ಬೆಚ್ಚಗ ಐತಿ ಅಂತ ಬ್ಯಾರೆ. ನಸುಕಿನ ತನಕ ಒಂದೇ ಕೌದ್ಯಾಗ ನಾವು ನಾಕು ಮಂದಿ, ನೀ ನಡುವ ಹುಣಸಿಕಾಯಿ. ಯಾರು ಯಾವ ರಾಗ ಹಾಡಿದ್ರು ಕೇಳಬ್ಯಾಡ, ನಾ ನಿದ್ದಿ ಹೊಡದಿದ್ದೆ.

ಅಷ್ಟಾದ ಮ್ಯಾಲೂ ನನಗ ಬುದ್ಧಿ ಬರಲಿಲ್ಲ ಅಂತ ಹೇಳಾಕ ಇದನ್ನ ಬರದೆ.

2001ರಾಗ ನಾವು ಈ ಫ್ಲ್ಯಾಟಿಗಿ ಬಂದ್ವಿ, ಲೋನ್ ತಗದು. ಹೊಸಾ ಕಾಟು, ಸ್ಪಂಜಿನ ಗಾದಿ, ಹೂವಿನ ಬೆಡ್‌ಶೀಟು. ಒಂದಿನ ಮಧ್ಯಾಹ್ನ ಬೋಹಾರೀಣ ಬಂದ್ಲು, ಅದ ಹಳೇ ಅರಬಿ ತಗೊಂಡು ಸ್ಟೀಲ್ ಸಾಮಾನು ಕೊಡಾಕಿ. ಐದು ಕಿಲೋ ಅಕ್ಕಿ ಹಿಡಿಯೂ ಮುಚ್ಚಳದ ಡಬ್ಬಿ ನನ್ನ ಕಣ್ಣಿಗಿ ಬಿತ್ತು. ನಾ ಮೂರು ಸೀರಿ, ಅಪ್ಪಾಜಿದು ಎರಡು ಪ್ಯಾಂಟು ಇಟ್ಟೆ, ಆಕಿ ತುಟಿ ಹಿಗ್ಗಸಲಿಲ್ಲ. ಇನ್ನೊಂದು ಏನರ ಹಾಕು ತಾಯಿ ಅಂದ್ಲು. ನಾ ಒಳಗ ಹೋದೆ, ಕಾಟಿನ ಕೆಳಗ ಬಗ್ಗಿ ನೋಡಿದೆ.

ಆಕಿ ಕೌದಿ ಕೈಯಾಗ ಹಿಡದು, ಮಗ್ಗಲ ಬದಲಿಸಿ ನೋಡಿ, ಮ್ಯಾಲ ಸವರಿ, ಏನೂ ಅನಲಿಲ್ಲ, ಡಬ್ಬಿ ನನ್ನ ಮುಂದ ಸರಿಸಿದ್ಲು. ಆ ಡಬ್ಬಿ ಇನ್ನೂ ಐತಿ. ನೀ ಅದರಾಗಿಂದ ಅಕ್ಕಿ ತಗದು ಎಷ್ಟು ಸಲ ಅನ್ನಕ್ಕ ಇಟ್ಟೀದಿ ಲೆಕ್ಕಿಲ್ಲ.

ಆ ವರ್ಷ ದಸರಾಕ್ಕ ನಮ್ಮವ್ವ ಬಂದಿದ್ಲು. ದಸರಾದಾಗ ಮನ್ಯಾಗಿನ ಹಾಸಿಗಿ ಎಲ್ಲಾ ಒಗಿಯೂದು ನಮ್ಮ ಕಡೆ ಪದ್ಧತಿ, ಹಿಂಗಾಗಿ ಕೌದಿ ತಾ, ಒಗದು ಹಾಕತೇನಿ ಅಂದ್ಲು. ಒಗ್ಯಾಕ ಹೊರಗ ಕೊಟ್ಟೀನಿ ಅಂದೆ. ಅವ್ವ ಮತ್ತ ಕೇಳಲಿಲ್ಲ.

ಸಾಕು ಆ ಕತಿ. ಈಗಿಂದು ಹೇಳತೇನಿ, ನನಗೂ ಅದನ್ನೇ ಹೇಳೂ ಅವಸರ.

ನಾ ಕೌದಿ ಹೊಲಿಯಾಕತ್ತೀನಿ! ಶ್ರಾವಣದಾಗ ಶುರು ಮಾಡೀನಿ, ನಿನಗ ಬೇಕಂತಲೇ ಹೇಳಿರಲಿಲ್ಲ, ನಡುವ ಬಿಟ್ಟರ ನಗತಿ ಅಂತ. ತಿಜೋರಿ ಖಾಲಿ ಮಾಡಾಕ ಹೋಗಿ ಹನ್ನೊಂದು ಹಳೇ ಕಾಟನ್ ಸೀರಿ ಹೊರಗ ಬಂದ್ವು. ಈಗ ಬೋಹಾರೀಣ ಬರಂಗಿಲ್ಲ, ಬಂದ್ರೂ ಸೊಸೈಟಿ ವಾಚ್‌ಮನ್ ಒಳಗ ಬಿಡಂಗಿಲ್ಲ. ರವಿವಾರ ಪೇಠಕ್ಕ ಹೋಗಿ ದಪ್ಪ ದಾರ, ದೊಡ್ಡ ಸೂಜಿ ತಂದೆ, ಬರೂ ಮುಂದ ತುಳಶಿಬಾಗ್‌ದಾಗ ಸುಮ್ನ ಒಂದು ರೌಂಡು, ಒಂದು ಬಳಿ, ಒಂದು ಚಾಳಣಿ, ಅದು ಬ್ಯಾರೆ ಲೆಕ್ಕ.

ಮೊದಲನೇ ವಾರ ಏನಾತು ಗೊತ್ತೇನು? ನಮ್ಮವ್ವ ನೆಲಕ್ಕ ಹಾಸಿ, ನಾಕು ಮೂಲಿಗಿ ಕಲ್ಲು ಹೇರಿ, ನೀರು ಚಿಮುಕಿಸಿ ಸುಕ್ಕು ತಗದು, ಕೌದಿ ಮ್ಯಾಲೇ ಕುಂತು ಹೊಲಿತಿದ್ಲು. ನನ್ನ ಮೊಣಕಾಲು ನೆಲಕ್ಕ ಕುಂದ್ರಾಕ ಬಿಡೂದಿಲ್ಲ, ಅದಕ್ಕ ದಿವಾನ್ ಮ್ಯಾಲ ಹಾಸಕೊಂಡೆ. ಎರಡು ತಾಸು ಹೊಲದೆ, ಎಷ್ಟು ಬಿಗಿ ಬಂದೈತಿ ಹೊಲಿಗಿ ಅಂತ ನನಗ ನಾ ಶಾಬಾಸ್ ಕೊಟ್ಟಕೊಂಡು ಎತ್ತಾಕ ಹೋದ್ರ ಕೌದಿ ಏಳವಲ್ಲದು. ದಿವಾನಿನ ಬೆಡ್‌ಶೀಟ್ ಕೂಡಿಸಿ ಹೊಲದೀನಿ! ಅಪ್ಪಾಜಿ ಅದನ್ನ ಫೋಟೋ ತಗದು ಫ್ಯಾಮಿಲಿ ಗ್ರೂಪಿಗಿ ಹಾಕಾಕ ಹೊಂಟಿದ್ರು, ಊಟ ಹಾಕಂಗಿಲ್ಲ ಅಂದ ಮ್ಯಾಲ ಬಿಟ್ರು.

ಈಗ ಕೈ ಕುಂತೈತಿ. ಎಡಗೈ ಕೆಳಗ ಇಟ್ಟಕೊಂಡಿರತೇನಿ, ಸೂಜಿ ಮೊನಿ ಬೆರಳಿಗಿ ತಟ್ಟಿದ ಕೂಡಲೇ ಮ್ಯಾಲ ತಿರುಗಿಸೂದು, ಒಂದು ಸಲಕ್ಕ ಮೂರು ನಾಕು ಟಾಕಿ ಸೂಜಿಗಿ ಏರಿಸಿ ಎಳಿಯೂದು, ಎಳಿಯೂ ಮುಂದ ಐದು ಪದರ ದಾಟಿ ದಾರ ಬರೂ ಸಪ್ಪಳ ಐತಲ್ಲ, ಜುಂಯ್ ಅಂತ, ಮಧ್ಯಾಹ್ನ ಎರಡರಿಂದ ನಾಕರ ತನಕ ಮನ್ಯಾಗ ಅದೊಂದೇ ಸಪ್ಪಳ. ಕೆಳಗ ಗುಜರಿ ಸಾಮಾನಿನ ಭಂಗಾರವಾಲಾ ಒದರಕೋತ ಹೋಗತಾನ, ಸಮೋರ ಫ್ಲ್ಯಾಟಿನ್ಯಾಗ ಮಿಕ್ಸರ್, ಲೋಕಲ್ ಗಾಡಿ ಸೀಟಿ, ನನಗ ಯಾವುದೂ ತಟ್ಟೂದಿಲ್ಲ. ಸೀರಿಯಲ್ ಬಿಟ್ಟೀನಿ ಅಂದ್ರ ನಂಬತೀ? ಮೊದಲೆಲ್ಲಾ ಮಧ್ಯಾಹ್ನ ಆತಂದ್ರ ನೀ ಯಾಕ ಫೋನ್ ಮಾಡಲಿಲ್ಲ, ನಿನಗ ಆರಾಮ ಐತೋ ಇಲ್ಲೋ ಅಂತ ತಲಿ ತಿರಗತಿತ್ತು. ಈಗೂ ತಿರಗತೈತಿ, ಖರೆ ಒಂದು ಸಾಲು ಮುಗಿಯೂದ್ರಾಗ ಆ ಚಿಂತಿನೂ ಎಲ್ಲೋ ಅರಬ್ಯಾಗ ಹೊಕ್ಕು ಹೋಗಿರತೈತಿ.

ನೀ ಆ ಜೀಸ್ ಬೆಂಡ್ ಹೆಣ್ಣಮಕ್ಕಳ ಬಗ್ಗೆ ಕಳಿಸಿದ ಲಿಂಕು ಅಪ್ಪಾಜಿ ಓದಿ ಹೇಳಿದ್ರು. ಅಲಬಾಮಾದಾಗ ನದಿ ಬಳಸಿ ಹೋಗೂ ಊರು, ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು, ಹೊಲದಾಗ ಹಾಕ್ಕೊಂಡು ಹರದ ಅರಬಿ ಕೂಡಿಸಿ ಹೊಲಕೊಂಡದ್ದು 2002ರಾಗ ದೊಡ್ಡ ದೊಡ್ಡ ಮ್ಯೂಸಿಯಂಗಿ ಹೋದ್ವು, 2006ರಾಗ ಅಮೆರಿಕಾದ ಪೋಸ್ಟಿನ ಸ್ಟಾಂಪಿನ ಮ್ಯಾಲೂ ಬಂದ್ವು ಅಂತ. ಅದರಾಗ ಮಿಸ್ಸೌರಿ ಪೆಟ್ವೇ ಅನ್ನಾಕಿ 1942ರಾಗ ಗಂಡ ಸತ್ತ ಮ್ಯಾಲ ಆತನ ಕೆಲಸದ ಅರಬಿಲೇ ಒಂದು ಹೊಲದು ಹೊದ್ದಕೊಂಡ್ಲಂತ. ಅದನ್ನ ಓದಿ ಅಪ್ಪಾಜಿ ಸುಮ್ಮನಾದ್ರು, ಆಮ್ಯಾಲ ಎದ್ದು ಹೋಗಿ ತಮ್ಮ ಕಂಪನಿ ಯುನಿಫಾರ್ಮ್ ಶರ್ಟು ತಂದು ನನ್ನ ಮುಂದ ಇಟ್ಟು, "ಈಗೇ ಹಚ್ಚಿಬಿಡು, ನಾ ನೋಡತೇನಿ" ಅಂದ್ರು. ಬೈದೆ. ಹಚ್ಚಿದೆ ಮತ್ತ.

ನಮ್ಮ ಕಡೇನೂ ಹಂಗ ಅದಾರ ನೋಡು, ಹಳಿಯಾಳ ಯಲ್ಲಾಪುರ ಕಾಡಿನ್ಯಾಗ ಸಿದ್ದಿ ಮಂದಿ, ಅವರ ಹಿರಿಯರನ್ನೂ ಆಫ್ರಿಕಾದಿಂದ ಗುಲಾಮರನ್ನಾಗಿ ತಂದದ್ದೇ. ಅವರು ಕೌದಿ ಒಂದು ಮೂಲಿಂದ ಹಿಡದು ಅಂಚಿನಗುಂಟ ಸುತ್ತಕೋತ ಸುತ್ತಕೋತ ನಡುವಿಗಿ ಬಂದು ಮುಗಸ್ತಾರ, ನಾಕು ಮೂಲಿಗಿ ಅರಬಿ ಮಡಚಿ ಫುಲಾ ಅಂತ ಹೂವು ಕೂಡಸ್ತಾರ, ಹೂವಿಲ್ಲದಿದ್ರ ಅದು ಪೂರ್ತಿ ಆದಂಗಲ್ಲ. ನಾನೂ ಆ ಹೂವು ಮಾಡಾಕ ನೋಡಿದೆ, ಸಮೋಸಾ ಆತು.

ನನ್ನ ಗುರು ಅಂದ್ರ ನಿಮ್ಮ ದೊಡ್ಡವ್ವ. ದಿನಾ ವೀಡಿಯೋ ಕಾಲ್. ಫೋನ್ ಡಬ್ಬಿಗಿ ಆನಿಸಿ ಇಡತೇನಿ, ಹೂಂ, ಅದೇ ಡಬ್ಬಿ, ಈಗ ಅದರಾಗ ಅಕ್ಕಿ ಇಲ್ಲ, ಚಿಂದಿ, ದಾರ, ಕತ್ತರಿ. "ಇದೇನ ಟಾಕಿ ಏನ ರೇಲ್ವೆ ಹಳಿ? ಇದರಾಗ ಮಲಗಿದವರ ಬೆರಳು ಸಿಗತಾವ" ಅಂತ ಬೈತಾಳ. ಟೆರಿಕಾಟ್ ಹಚ್ಚಬ್ಯಾಡ, ಸೂಜಿ ಜಾರತೈತಿ. ಹೊಸಾ ಅರಬಿ ಒಗದ ಮ್ಯಾಲ ಹಚ್ಚು, ಇಲ್ಲಂದ್ರ ಆಮ್ಯಾಲ ಕುಗ್ಗಿ ಸುರಕ ಬೀಳತಾವ. ರೇಷ್ಮಿ ಆಸಿ ಮಾಡಬ್ಯಾಡ, ಮೊದಲು ಅದೇ ಪಿಸೀತೈತಿ. ನಿನ್ನ ಗಣಪತಿ ಮಂಡಳದ ಟೀಶರ್ಟು ತೋರಿಸಿದೆ, ಹೊಸೈರಿ ಜಗ್ಗತೈತಿ, ಒರಸೂ ಅರಬಿ ಮಾಡು ಅಂದ್ಲು.

ಹೋದ ತಿಂಗಳು ಒಂದಿನ ಧೈರ್ಯ ಮಾಡಿ ಆಕಿಗಿ ಡಬ್ಬಿ ಕತಿ ಹೇಳಿದೆ. ಆಕಿ ಹೊಲದ ಕೌದಿ ಅಲ್ಲಾ ಅದು. ಒಂದು ನಿಮಿಷ ಸುಮ್ಮನಿದ್ದು, "ಗೊತ್ತಿತ್ತ ಬಿಡು ನನಗ" ಅಂದ್ಲು. ಹೆಂಗ ಅಂದೆ. "ನಿನ್ನ ಮನಿಗಿ ಬಂದಾಗ ಮೂರು ರಾತ್ರಿ ಆ ಚುಚ್ಚೂ ರಗ್ಗಿನ್ಯಾಗ ಮಲಗೀನಿ, ತಿಳಿಯಂಗಿಲ್ಲೇನು?" ಅಂದ್ಲು. ಇಪ್ಪತ್ತು ವರ್ಷದ ಮ್ಯಾಲ ಆಗೈತಿ, ಒಂದು ಸಲಾನೂ ಬಾಯಿ ಬಿಟ್ಟಿಲ್ಲ ಪುಣ್ಯಾತ್ಗಿತ್ತಿ. ನಾ ಅತ್ತೆ, ಆಕಿ "ಅಳೂದಾದ್ರ ಸೂಜಿ ಕೆಳಗ ಇಟ್ಟು ಅಳು, ಎಲ್ಲರ ಕಳಕೊಂಡು ಅದರ ಮ್ಯಾಲೇ ಕುಂದರತಿ" ಅಂದ್ಲು.

ಏನೇನು ಹಚ್ಚೀನಿ ಹೇಳಲೇನು? ನಿನ್ನ ಆರನೇ ಇಯತ್ತೆದ ಹಳದಿ ಫ್ರಾಕು, ಅಪ್ಪಾಜಿದು ಒಂದು ಲುಂಗಿ (ಅವರಿಗಿ ಇನ್ನೂ ಗೊತ್ತಿಲ್ಲ, ಹುಡುಕಾಕತ್ತಾರ), ನನ್ನ ಚಿಕ್ಕಿ ಪರಾಸ್ ದಡಿ ಸೀರಿ. ಸಮೋರಿನ ಕಾಕು ತಮ್ಮ ಅತ್ತೀದು ಒಂದು ನೌವಾರಿ ಕೊಟ್ಟಾರ, ಒಂಬತ್ತು ವಾರಿ, ಅರ್ಧ ಕೌದಿ ಅದರಾಗೇ ತುಂಬಿತು. ಅತ್ತಿ ಸೊಸಿಗಿ ಜಲ್ಮದಾಗ ಒಂದಿನಾ ಹೊಂದಿಲ್ಲ, "ನನ್ನ ಮನ್ಯಾಗ ಬ್ಯಾಡ, ನಿಮ್ಮ ಕೌದ್ಯಾಗ ಇರಲಿ" ಅಂದ್ರು. ಆದ್ರ ಎರಡು ದಿನಕ್ಕೊಮ್ಮೆ ಬಂದು ಅದನ್ನ ಎಲ್ಲಿ ಹಚ್ಚೀನಿ ಅಂತ ನೋಡಿ ಹೋಗತಾರ.

ನಡುವ ಹಚ್ಚಾಕ ಕೆಂಪು ತುಂಡು ಇರಲಿಲ್ಲ. ನಮ್ಮವ್ವನ ಕಡೀ ಇಳಕಲ್ ಸೀರಿ ದೊಡ್ಡವ್ವನ ಹತ್ರ ಇತ್ತು, ಅದರ ಸೆರಗು ಕತ್ತರಿಸಿ ಅಕ್ಕ ಸ್ಪೀಡ್ ಪೋಸ್ಟ್ ಮಾಡ್ಯಾಳ. ಪಾಕೀಟಿನ್ಯಾಗ ಚೀಟಿಲ್ಲ ಪತ್ರಿಲ್ಲ. ಬರೇ ಸೆರಗು, ಅದರಾಗ ಸುತ್ತಿದ್ದು ಎರಡು ಸೂಜಿ.

ಈಗ ಒಂದು ಮೂಲಿ ಉಳದೈತಿ. ನಮ್ಮವ್ವ ಕಡೀ ಮೂಲಿ ಮುಚ್ಚೂ ಮುಂದ ಒಳಗ ಒಂದು ರೊಟ್ಟಿ ಚೂರು ಇಡತಿದ್ಲು, ಕೌದಿ ಉಪವಾಸ ಇರಬಾರದು ಅಂತ. ನಾ ಇಲ್ಲಿ ಜೋಳದ ರೊಟ್ಟಿ ಬಡದು ಒಣಗಿಸಿಟ್ಟೀನಿ. ಅಪ್ಪಾಜಿ ಇರುವಿ ಬರತಾವ ಅಂತಾರ, ಅವರು ಹಂಗ.

ಒಂದು ತಪ್ಪಾಗೈತಿ. ಅಳತಿ ನೋಡದೇ ಶುರು ಮಾಡಿದ್ದಕ್ಕ ಗಿಡ್ಡ ಆಗೈತಿ. ಅಪ್ಪಾಜಿ ಹೊದ್ದು ನೋಡಿದ್ರು, ಪಾದ ಪೂರ್ತಿ ಹೊರಗ. ನಾ ಅಂದೆ, ಇದು ನಿಮಗಲ್ಲ, ಅದು ಕಾಲ ಮಡಚಿ ಮಲಗತೈತಿ, ಅದಕ್ಕ ಸಾಕು. ನೀ ಇನ್ನೂ ಹಂಗೇ ಮಲಗತಿ ಹೌದಲ್ಲೋ? ಕಾಲು ಚಾಚೂ ರೂಢಿ ಆಗಿದ್ರ ಈಗೇ ಹೇಳು, ಮೂಲಿ ಮುಚ್ಚೂದ್ರಾಗ ಇನ್ನೊಂದು ಗೇಣು ಕೂಡಸ್ತೇನಿ, ಕಾಕುನ ನೌವಾರಿ ಇನ್ನೂ ಉಳದೈತಿ.

ನಿನ್ನ
ಅವ್ವ