ಪರಿಹಾರ ಪಹಣಿಗಲ್ಲ, ಉತ್ತವರಿಗೆ ತಲುಪಲಿ: ಕೇಂದ್ರ ಗೃಹ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೇಂದ್ರ ಗೃಹ ಸಚಿವರಿಗೆ ನಮಸ್ಕಾರಗಳು.

ಬರ, ನೆರೆಯಂಥ ವಿಪತ್ತು ಬಂದಾಗ ಕೊಡುವ ರಾಜ್ಯ ವಿಪತ್ತು ಪರಿಹಾರ ನಿಧಿಯ (ಎಸ್‌ಡಿಆರ್‌ಎಫ್) ಹಣವಿರಲಿ, ರಾಷ್ಟ್ರೀಯ ವಿಪತ್ತು ಪರಿಹಾರ ನಿಧಿಯ (ಎನ್‌ಡಿಆರ್‌ಎಫ್) ಹಣವಿರಲಿ, ಯಾರಿಗೆ ಎಷ್ಟು ಕೊಡಬೇಕೆಂದು ತಹಶೀಲ್ದಾರರು ಲೆಕ್ಕ ಹಾಕುವುದು ನಿಮ್ಮ ಸಚಿವಾಲಯದ ಮಾನದಂಡಗಳ ಪಟ್ಟಿ ನೋಡಿ. ಅದಕ್ಕೇ ಈ ಪತ್ರ ನಿಮಗೆ.

2022–23ರಿಂದ 2025–26ರ ಅವಧಿಗೆ ಬರೆದ ಪಟ್ಟಿಯ ಪ್ರಕಾರ, ಬೆಳೆ ಶೇ 33ಕ್ಕಿಂತ ಕಡಿಮೆ ಹಾಳಾದರೆ ಏನೂ ಇಲ್ಲ. ಅದಕ್ಕೂ ಮೀರಿ ಹಾಳಾದರೆ ಮಳೆಯಾಶ್ರಿತ ಭೂಮಿಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ಮಳೆ ನಂಬಿದ ಖುಷ್ಕಿ ರೈತನ ಲೆಕ್ಕದಲ್ಲಿ ಹೇಳುವುದಾದರೆ ಎಕರೆಗೆ ಸುಮಾರು 3,440 ರೂಪಾಯಿ. ಇದು ನಷ್ಟ ಪರಿಹಾರವಲ್ಲ, ತಕ್ಷಣದ ನೆರವು ಮಾತ್ರ ಎಂಬ ಸಮಜಾಯಿಷಿ ನನಗೆ ಗೊತ್ತು. ಮೊತ್ತ ಹೆಚ್ಚಲೇಬೇಕು. ಆದರೆ ನನ್ನನ್ನು ಹೆಚ್ಚು ಕಾಡುವುದು ಆ ಮೊತ್ತ ಯಾರ ಖಾತೆಗೆ ಹೋಗುತ್ತದೆ ಎಂಬುದು.

ಹಣ ಹೋಗುವುದು ಪಹಣಿಯಲ್ಲಿ, ಅಂದರೆ ಜಮೀನಿನ ದಾಖಲೆಯಲ್ಲಿ, ಹೆಸರಿದ್ದವರಿಗೆ. ಗೇಣಿಗೋ (ಬಾಡಿಗೆಗೆ) ಕೋರಿಗೋ (ಬೆಳೆಯ ಪಾಲಿಗೆ) ಬೇರೆಯವರ ಹೊಲ ಮಾಡಿ, ಬೀಜ ಗೊಬ್ಬರಕ್ಕೆ ಸಾಲ ತಂದವರ ಹೆಸರು ಅಲ್ಲಿರುವುದಿಲ್ಲ. ಕರ್ನಾಟಕದಲ್ಲಿ 1974ರ ಭೂಸುಧಾರಣೆಯ ನಂತರ ಗೇಣಿಗೆ ಕಾನೂನಿನಲ್ಲಿ ಹೆಚ್ಚುಕಡಿಮೆ ಜಾಗವೇ ಇಲ್ಲ. ಆದರೆ ಹೊಲದಲ್ಲಿ ಇದೆ, ಬಾಯಿಮಾತಿನ ಮೇಲೆ ನಡೆಯುತ್ತಿದೆ. ಬರೆದುಕೊಟ್ಟರೆ ಜಮೀನು ಕೈತಪ್ಪೀತೆಂಬ ಹೆದರಿಕೆ ಮಾಲೀಕರಿಗೆ. ಬರೆದುಕೊಡಿ ಎಂದು ಕೇಳಿದರೆ ಮುಂದಿನ ವರ್ಷ ಹೊಲ ಸಿಗಲಿಕ್ಕಿಲ್ಲವೆಂಬ ಹೆದರಿಕೆ ಗೇಣಿದಾರರಿಗೆ. ಹೀಗಾಗಿ ಮಳೆ ಕೈಕೊಟ್ಟಾಗ ನಷ್ಟ ಒಬ್ಬರದು, ಜಮೆ ಇನ್ನೊಬ್ಬರದು. ಗಂಡ ತೀರಿಕೊಂಡ ಮೇಲೆ ಖಾತೆ ಬದಲಾಗದೆ, ಮಾವನ ಹೆಸರಿನ ಭೂಮಿಯಲ್ಲೇ ದುಡಿಯುವ ಹೆಣ್ಣುಮಕ್ಕಳ ಪಾಡೂ ಇದೇ.

ಇದಕ್ಕೆ ದಾರಿ ಇಲ್ಲವೆಂದಲ್ಲ. ಆಂಧ್ರಪ್ರದೇಶ 2019ರಲ್ಲಿ ಸಾಗುವಳಿದಾರರ ಹಕ್ಕಿನ ಕಾಯ್ದೆ ತಂದು, ಭೂಮಿಯ ಒಡೆತನಕ್ಕೆ ಧಕ್ಕೆಯಾಗದಂತೆ ಹನ್ನೊಂದು ತಿಂಗಳ ಕಾರ್ಡ್ ಕೊಡಲು ಅವಕಾಶ ಮಾಡಿತು. ಮಾಲೀಕರ ಒಪ್ಪಿಗೆ ಬೇಕೆಂಬುದೇ ಅದರ ದೊಡ್ಡ ತೊಡಕು. ಪರಿಹಾರದ ಮಟ್ಟಿಗಾದರೂ ಗ್ರಾಮ ಸಭೆಯ ದೃಢೀಕರಣ ಸಾಕು ಎಂದು ನಿಮ್ಮ ಪಟ್ಟಿಯಲ್ಲಿ ಬರೆಯಿರಿ. ಯಾರ ಹೊಲವನ್ನು ಯಾರು ಉಳುತ್ತಾರೆಂಬುದು ಊರಿಗೆ ಗೊತ್ತಿರುತ್ತದೆ.

ಮನೆಯ ವಿಷಯದಲ್ಲೂ ಕಾಗದದ್ದೇ ಕಾಟ. ಅದೇ ಪಟ್ಟಿಯ ಪ್ರಕಾರ ಬಯಲು ಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1,20,000 ರೂಪಾಯಿ ಇದೆ, ಆದರೆ ಅದು ಅಧಿಕೃತ ಕಟ್ಟಡವಾಗಿರಬೇಕು. ಗುಡಿಸಲಿಗೆ 8,000. ಹಕ್ಕುಪತ್ರ ಸಿಗದೆ ಹಳ್ಳದ ದಂಡೆಯಲ್ಲಿ ಮನೆ ಕಟ್ಟಿಕೊಂಡವರ ಗೋಡೆಯೇ ಮೊದಲು ಬೀಳುವುದು. ಪಡಿತರ ಚೀಟಿ, ಮತದಾರರ ಪಟ್ಟಿ, ವಿದ್ಯುತ್ ಬಿಲ್ಲು ಇವುಗಳಲ್ಲಿ ಯಾವುದಾದರೂ ಒಂದನ್ನು ವಾಸದ ಪುರಾವೆಯೆಂದು ಒಪ್ಪಿಕೊಳ್ಳಬಾರದೇಕೆ?

ಇನ್ನು ವಿಳಂಬ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಸೆಪ್ಟೆಂಬರ್‌ನಲ್ಲಿ ರಾಜ್ಯ ಮನವಿ ಕೊಟ್ಟಿತು, ಅಕ್ಟೋಬರ್‌ನಲ್ಲಿ ಕೇಂದ್ರ ತಂಡ ಬಂದು ನೋಡಿ ಹೋಯಿತು. 18,171 ಕೋಟಿ ರೂಪಾಯಿ ಕೇಳಿದ್ದಕ್ಕೆ 3,454 ಕೋಟಿ ಬಂದಿದ್ದು 2024ರ ಏಪ್ರಿಲ್ ಕೊನೆಗೆ, ಅದೂ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ. ಅಷ್ಟರಲ್ಲಿ ಹಿಂಗಾರು ಮುಗಿದು, ಮುಂದಿನ ಮುಂಗಾರಿನ ಬೀಜಕ್ಕೆ ಮತ್ತೆ ಸಾಲ ಹುಡುಕುವ ಕಾಲ ಬಂದಿತ್ತು. ಕೇಂದ್ರ ತಂಡದ ವರದಿ ಬಂದ 30 ದಿನಗಳಲ್ಲಿ ತೀರ್ಮಾನವಾಗದಿದ್ದರೆ ನಿರ್ದಿಷ್ಟ ಪಾಲು ಮುಂಗಡವಾಗಿ ತಾನಾಗಿ ಬಿಡುಗಡೆಯಾಗಲಿ. ಯಾವ ಪಕ್ಷದ ಸರ್ಕಾರವಿದ್ದರೂ ಅನ್ವಯವಾಗುವ ನಿಯಮ ಅದಾಗಿರಲಿ.

ಸಾಲದ ಮಾತು ಬಂತು. ತೀವ್ರ ವಿಪತ್ತಿನಲ್ಲಿ ಸಂತ್ರಸ್ತರ ಸಾಲ ಮರುಪಾವತಿಗೆ ರಿಯಾಯಿತಿ ಶಿಫಾರಸು ಮಾಡುವ ಅಧಿಕಾರ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 13ನೇ ಕಲಂನಲ್ಲಿತ್ತು. 2025ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದಿರಿ. 2024ರಲ್ಲಿ ವಯನಾಡಿನ ಭೂಕುಸಿತದಲ್ಲಿ ಎಲ್ಲ ಕಳೆದುಕೊಂಡವರ ಸಾಲದ ಪ್ರಶ್ನೆ ಕೇರಳ ಹೈಕೋರ್ಟಿನಲ್ಲಿದ್ದಾಗಲೇ ಹೀಗಾಯಿತು. ನನಗೆ ಇದು ತೀರಾ ನೋವಿನ ಸಂಗತಿ. ಆ ಕಲಂ ಮರಳಿ ಬರಲಿ.

ಮುಂದಿನ ಮಾನದಂಡಗಳನ್ನು ಬರೆಯುವಾಗ ಕರಡನ್ನು ಕನ್ನಡವೂ ಸೇರಿ ಎಲ್ಲ ಭಾಷೆಗಳಲ್ಲಿ ಹೊರಡಿಸಿ, ಆಕ್ಷೇಪಣೆಗೆ ಮೂರು ತಿಂಗಳು ಕೊಡಿ. ಗ್ರಾಮ ಸಭೆಗಳಲ್ಲಿ ಅದನ್ನು ಓದಿಸಿ. ಗೇಣಿದಾರರು, ಕೂಲಿಯವರು ಏನು ಹೇಳಿದರೆಂಬುದನ್ನು ಅಂತಿಮ ಆದೇಶದ ಜೊತೆಗೇ ಪ್ರಕಟಿಸಿ.

ಇಂತಿ,
ಒಬ್ಬ ನಾಗರಿಕ