ಅಂಗನವಾಡಿ ಟೀಚರಿಗೆ ಬೆಳಗಿನ ಒಂದೂವರೆ ಗಂಟೆ ಬಿಟ್ಟುಕೊಡಿ: ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ,

ನಮಸ್ಕಾರ. ನಾನು ತಿ. ನರಸೀಪುರ ತಾಲ್ಲೂಕಿನವಳು. ನನ್ನ ಮಗಳಿಗೆ ನಾಲ್ಕು ವರ್ಷ, ಊರಿನ ಅಂಗನವಾಡಿಗೆ ಹೋಗುತ್ತಾಳೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಐಸಿಡಿಎಸ್ (ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ಶುರುವಾದಾಗ ಕರ್ನಾಟಕದಿಂದ ಆಯ್ಕೆಯಾಗಿದ್ದು ನಮ್ಮ ತಾಲ್ಲೂಕೇ. ಹಾಗಾಗಿ ಅಂಗನವಾಡಿ ವಿಷಯದಲ್ಲಿ ನಮಗೆ ಸಲಿಗೆ ಸ್ವಲ್ಪ ಜಾಸ್ತಿ ಅಂದುಕೊಳ್ಳಿ.

ನಾನು ಕೇಳುವುದು ಒಂದೇ. ಬೆಳಗ್ಗೆ ಹತ್ತರಿಂದ ಹನ್ನೊಂದೂವರೆವರೆಗೆ ಟೀಚರನ್ನು ಮಕ್ಕಳ ಜೊತೆ ಬಿಡಿ. ಆ ಹೊತ್ತಿನಲ್ಲಿ ಮೀಟಿಂಗ್ ಬೇಡ, ಫೋಟೊ ಬೇಡ, 'ಈಗಲೇ ಎಂಟ್ರಿ ಮಾಡಿ' ಅನ್ನುವ ಫೋನೂ ಬೇಡ.

ಯಾಕೆ ಅಂತ ಹೇಳುತ್ತೇನೆ. ಒಂದು ದಿನ ನಮ್ಮ ಟೀಚರ್ ತಟ್ಟೆಯಲ್ಲಿ ಹುಣಸೆ ಬೀಜ, ಅವರೆಕಾಳು, ಕಡಲೆಕಾಳು ಬೆರೆಸಿ ಮಕ್ಕಳ ಮುಂದೆ ಇಟ್ಟರು. ಬೇರೆ ಬೇರೆ ಮಾಡಿ ಅಂದರು. ನನ್ನ ಮಗಳು ಬಣ್ಣ ನೋಡಿ ಗುಂಪು ಮಾಡಿದಳು. ಪಕ್ಕದ ಹುಡುಗ ದೊಡ್ಡದು, ಚಿಕ್ಕದು ಅಂತ ಮಾಡಿದ. ಇಬ್ಬರಿಗೂ ಜಗಳ. ಟೀಚರ್ ಯಾರದು ಸರಿ ಅಂತ ಹೇಳಲೇ ಇಲ್ಲ. 'ಯಾಕಪ್ಪಾ ಇದನ್ನ ಇಲ್ಲಿಟ್ಟೆ?' ಅಂದರು. ಅವನು ಎದ್ದು ನಿಂತು, ಕೈ ಅಗಲಿಸಿ, ದೊಡ್ಡ ಬೀಜದ ಬಗ್ಗೆ ಭಾಷಣವನ್ನೇ ಮಾಡಿದ. ಮಾತು, ಲೆಕ್ಕ, ಜಗಳ ಬಿಡಿಸಿಕೊಳ್ಳುವುದು, ಎಲ್ಲಾ ಒಂದೇ ತಟ್ಟೆಯಲ್ಲಿ ಆಯಿತು. ಎರಡು ಬೆರಳಲ್ಲಿ ಬೀಜ ಎತ್ತಿ ಎತ್ತಿ ಪಳಗಿದ ಕೈಯೇ ಮುಂದೆ ಪೆನ್ಸಿಲ್ ಹಿಡಿಯುವುದು, ಅಲ್ವಾ?

ಆದರೆ ಈ ಆಟ ಆಡಿಸುವಾಗ ದೊಡ್ಡವರೊಬ್ಬರ ಕಣ್ಣು ಅಲ್ಲೇ ಇರಬೇಕು. ಮೂಗಿಗೆ ಬೀಜ ತುರುಕಿಕೊಳ್ಳುವ ವಯಸ್ಸದು. ಸಹಾಯಕಿ ಅಡುಗೆಯಲ್ಲಿರುತ್ತಾರೆ. ಟೀಚರ್ ಒಬ್ಬರೇ. ಅಷ್ಟರಲ್ಲಿ ಫೋನ್ ಬರುತ್ತದೆ. ಇಲ್ಲವೇ ಮನೆಗೆ ರೇಷನ್ ಒಯ್ಯಲು ಬಂದ ಬಾಣಂತಿಯ ಮುಖವನ್ನು, ಗುರುತು ಹಿಡಿಯಲಿ ಅಂತ, ಅಂಗನವಾಡಿಯ ಲೆಕ್ಕ ಇಡುವ ಪೋಷಣ್ ಟ್ರ್ಯಾಕರ್ ಆಪ್‌ಗೆ ತೋರಿಸಬೇಕು. ನೆಟ್‌ವರ್ಕ್ ಹುಡುಕಿಕೊಂಡು ಇಬ್ಬರೂ ಬೇವಿನ ಮರದ ಹತ್ತಿರ ಹೋಗುತ್ತಾರೆ. ಹೋಗುವ ಮುಂಚೆ ಟೀಚರ್ ಮಾಡುವ ಮೊದಲ ಕೆಲಸ ಆ ತಟ್ಟೆಯನ್ನು ಎತ್ತಿ ಮೇಲಿಡುವುದು. ಎರಡನೆಯದು ಮಕ್ಕಳ ಕೈಗೆ ಸ್ಲೇಟು ಕೊಟ್ಟು 'ಅ ಆ ತಿದ್ದಿ' ಅನ್ನುವುದು.

ಸ್ಲೇಟು ಕೊಡುವುದು ಟೀಚರಿಗೆ ಆಟ ಆಡಿಸೋಕೆ ಬರಲ್ಲ ಅಂತಲ್ಲ. ಯಾರೂ ನೋಡಿಕೊಳ್ಳದಿದ್ದರೂ ಮಕ್ಕಳು ಕೂತಲ್ಲೇ ಕೂತು ಮಾಡುವ ಕೆಲಸ ಅದೊಂದೇ. ಬಂದು ಹೋಗುವ ಅಧಿಕಾರಿಗಳಿಗೆ ಇದು ಕಾಣುವುದಿಲ್ಲ. 'ತರಬೇತಿ ಸಾಲದು' ಅಂತ ಬರೆದುಕೊಂಡು ಹೋಗುತ್ತಾರೆ. ಮತ್ತೊಂದು ತರಬೇತಿ ಬರುತ್ತದೆ, ಅದಕ್ಕೂ ಟೀಚರ್ ಕೇಂದ್ರ ಬಿಟ್ಟೇ ಹೋಗಬೇಕು.

ಹೇಗೆ ಆಡಿಸಬೇಕು ಅನ್ನುವುದನ್ನು ಬರೆದಿಟ್ಟಿದ್ದಕ್ಕೇನೂ ಬರವಿಲ್ಲ. ಪುಟ್ಟ ಮಕ್ಕಳ ಆರೈಕೆ, ಕಲಿಕೆಗೆ ಅಂತಲೇ 2013ರ ರಾಷ್ಟ್ರೀಯ ನೀತಿ ಇದೆ, 2020ರ ಶಿಕ್ಷಣ ನೀತಿ ಇದೆ, 2023ರಲ್ಲಿ ಬಂದ 'ಪೋಷಣ್ ಭೀ ಪಢಾಯಿ ಭೀ' (ಪೋಷಣೆಯೂ ಕಲಿಕೆಯೂ) ಕಾರ್ಯಕ್ರಮ ಇದೆ. ಮೂರರಿಂದ ಆರು ವರ್ಷದವರಿಗೆ 'ಆಧಾರಶಿಲಾ' ಅಂತ ಬೇರೆ ಪಠ್ಯಕ್ರಮವೂ ಬಂತು. ನಮ್ಮ ರಾಜ್ಯದ್ದೇ ಆದ ಅಂಗನವಾಡಿ ಚಟುವಟಿಕೆ ಪುಸ್ತಕ 'ಚಿಲಿಪಿಲಿ' ಅದಕ್ಕೂ ಹಳೆಯದು, ಸೊಗಸಾಗಿದೆ ಕೂಡ. 2024ರ ಜುಲೈನಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಮಾಂಟೆಸ್ಸರಿಯನ್ನೂ ಶುರು ಮಾಡಿದಿರಿ. ಸಂತೋಷವೇ. ಆದರೆ ಮಾಂಟೆಸ್ಸರಿ ಪದ್ಧತಿಯಲ್ಲಿ ಮಗು ತಾನೇ ಆರಿಸಿಕೊಂಡು ಕೆಲಸ ಮಾಡಬೇಕು, ಟೀಚರ್ ಅದನ್ನು ಗಮನವಿಟ್ಟು ನೋಡಬೇಕು. ನೋಡುವವರ ಕಣ್ಣು ಮೊಬೈಲಿನಲ್ಲಿದ್ದರೆ ಬೋರ್ಡ್ ಮಾತ್ರ ಹೊಸದು.

ಇನ್ನು ಆಟಿಕೆ. ಕೊಟ್ಟ ಕಿಟ್ ಎಷ್ಟೋ ಕಡೆ ಕಬ್ಬಿಣದ ಟ್ರಂಕಿನಲ್ಲೇ ಇರುತ್ತದೆ. ಮುರಿದರೆ ಲೆಕ್ಕ ಕೊಡಬೇಕಲ್ಲ ಅನ್ನುವ ಭಯ. ಮಕ್ಕಳ ಕೈಗೆ ಸಿಕ್ಕಿದ ಮೇಲೆ ಆಟಿಕೆ ಮುರಿಯಲೇಬೇಕು. ಮುರಿದದ್ದಕ್ಕೆ ಯಾರೂ ಕೇಳುವುದಿಲ್ಲ ಅಂತ ಆದೇಶದಲ್ಲೇ ಒಂದು ಸಾಲು ಸೇರಿಸಿ.

ನಮ್ಮ ಜನಕ್ಕೂ ಸ್ವಲ್ಪ ಹೇಳಬೇಕಾಗಿದೆ. ಊರವರೇ ಇರುವ ಅಂಗನವಾಡಿಯ ಬಾಲವಿಕಾಸ ಸಮಿತಿ ಸಭೆಯಲ್ಲಿ 'ಬರೀ ಆಡಿಸ್ತೀರಾ? ಕಾನ್ವೆಂಟ್ ಮಕ್ಕಳು ಆಗಲೇ ನೂರರವರೆಗೆ ಬರೀತಾವೆ' ಅಂತ ಕೇಳುವವರು ಇದ್ದೇ ಇರುತ್ತಾರೆ. ಅವರಿಗೆ ಭಾಷಣ ಕೊಡಿಸಬೇಡಿ, ಅದನ್ನು ಯಾರೂ ಕೇಳಲ್ಲ. ತಿಂಗಳಿಗೊಮ್ಮೆ ಅಪ್ಪ ಅಮ್ಮಂದಿರನ್ನೇ ಕರೆದು ಕೆರೆ-ದಡ ಆಡಿಸಿ. 'ಕೆರೆ' ಅಂದಾಗ 'ದಡ'ಕ್ಕೆ ಹಾರಿ ಔಟಾದವರಿಗೆ ಗೊತ್ತಾಗುತ್ತದೆ, ಕಿವಿಗೊಟ್ಟು ಕೇಳಿ ಮೈಯನ್ನು ತಡೆದು ನಿಲ್ಲಿಸುವುದು ಎಷ್ಟು ಕಷ್ಟ ಅಂತ. ಒಂದನೇ ಕ್ಲಾಸಿನಲ್ಲಿ ಕೂರಬೇಕಾದರೆ ಮಗುವಿಗೆ ಬೇಕಾದದ್ದು ಅದೇ.

ಎಂಟ್ರಿ, ಸರ್ವೆ, ವರದಿ ನಿಲ್ಲಿಸಿ ಅಂತ ಕೇಳುತ್ತಿಲ್ಲ. ಮಧ್ಯಾಹ್ನ ಮಾಡಲಿ. ಆ ಕೆಲಸಕ್ಕೆ ಸರಿಯಾದ ಗೌರವಧನ ಕೊಡಿ ಅನ್ನುವುದು ಬೇರೆಯೇ ಮಾತು, ಅದನ್ನು ಅವರೇ ಬೀದಿಗಿಳಿದು ಹೇಳಿದ್ದಾರೆ.

ಒಮ್ಮೆ ನಮ್ಮ ಕಡೆ ಬನ್ನಿ, ಹತ್ತೂವರೆ ಹೊತ್ತಿಗೆ. ಮುಂಚೆ ಮಾತ್ರ ತಿಳಿಸಬೇಡಿ. ತಿಳಿಸಿದರೆ ಆವತ್ತು ಆಟ ಇರುವುದಿಲ್ಲ. ಮಕ್ಕಳೆಲ್ಲಾ ಕೈಯಲ್ಲಿ ಗುಲಾಬಿ ಹಿಡಿದು ಬಿಸಿಲಲ್ಲಿ ಸಾಲಾಗಿ ನಿಂತಿರುತ್ತಾರೆ.

ಇಂತಿ,
ಅಂಗನವಾಡಿ ಮಗುವೊಂದರ ತಾಯಿ,
ತಿ. ನರಸೀಪುರ ತಾಲ್ಲೂಕು