ಸ್ಟುಟ್‌ಗಾರ್ಟ್‌ಗೆ ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನಿಮ್ಮಮ್ಮ ನನ್ನ ಜೊತೆ ಮಾತು ಬಿಟ್ಟಳು. ಬೆಳಿಗ್ಗೆ ಕಾಫಿ ಲೋಟ ಮುಂದಿಟ್ಟು, "ನಿಮಗೆ ಫೋನಿನಲ್ಲಿ ಮಾತಾಡೋಕೆ ಬರಲ್ಲ, ಅವಳಿಗೊಂದು ಕಾಗದ ಬರೀರಿ" ಅಂದಳು. ಅದಕ್ಕೇ ಕೂತಿದ್ದೇನೆ. ಭಾನುವಾರ ವಿಮಾನ ಹತ್ತುವ ಮೊದಲು ಇದನ್ನು ಪೂರ್ತಿ ಓದು, ಮಧ್ಯದಲ್ಲಿ ಬಿಡಬೇಡ.

ಕೆಲಸ ಮುಗಿದ ಮೇಲೆ ಆರು ದಿನ ರಜೆ ಹಾಕಿ ಊರು ಸುತ್ತುತ್ತೇನೆ ಅಂದ ನಿನಗೆ "ಕೆಲಸ ಮುಗಿಸಿ ಸೀದಾ ಮನೆಗೆ ಬಾ" ಅಂದೆನಲ್ಲ, ಊರು ನೋಡಬೇಡ ಎಂದು ಅದರ ಅರ್ಥವಲ್ಲ. ನನ್ನ ದನಿ ಜೋರಾಯಿತು, ಬೇಜಾರು ಮಾಡಿಕೊಳ್ಳಬೇಡ. ಕಂಪನಿಯವರು ನಿನ್ನ ಮೇಲೆ ಭರವಸೆ ಇಟ್ಟು ಎರಡು ವಾರ ಜರ್ಮನಿಗೆ ಕಳಿಸುತ್ತಿದ್ದಾರೆ ಅಂದಾಗ ನಾನು ಈ ಬೀದಿಯಲ್ಲಿ ಯಾರನ್ನೂ ಬಿಡದೆ ಹೇಳಿ ಬಂದಿದ್ದೇನೆ. ನಮ್ಮ ಮನೆಯಲ್ಲಿ ಪಾಸ್‌ಪೋರ್ಟ್ ಮಾಡಿಸಿದ ಮೊದಲನೆಯವಳು ನೀನು. ನಿಮ್ಮಜ್ಜ ಇದ್ದಿದ್ದರೆ ಹಾಸನದ ಮಾರ್ಕೆಟ್ಟಿನಲ್ಲಿ ಒಬ್ಬೊಬ್ಬರನ್ನೂ ನಿಲ್ಲಿಸಿ ಹೇಳುತ್ತಿದ್ದರು.

ನನಗೆ ಗಾಬರಿಯಾದದ್ದು ಆ ಕೊನೆಯ ಆರು ದಿನದ ಪಟ್ಟಿ ನೋಡಿ. ಸ್ಟ್ರಾಸ್‌ಬರ್ಗ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಪ್ರಾಗ್, ಅಲ್ಲಿಂದ ಫ್ರಾಂಕ್‌ಫರ್ಟ್, ಅದೇ ರಾತ್ರಿ ವಿಮಾನ. ನೀನು ವಾಟ್ಸಾಪಿನಲ್ಲಿ ಕಳಿಸಿದ್ದನ್ನು ನಾನು ಗ್ರಾಫ್ ಹಾಳೆಯ ಮೇಲೆ ಬರೆದು ನೋಡಿದೆ. ಕಂಟ್ರೋಲ್ ಆಫೀಸಿನಲ್ಲಿ ರೈಲುಗಳಿಗೆ ಬರೆಯುತ್ತಾರಲ್ಲ, ಅಡ್ಡಕ್ಕೆ ಗಂಟೆ, ಉದ್ದಕ್ಕೆ ಊರು, ಹಾಗೆ. ಓಡುವ ಗೆರೆ ಓರೆಯಾಗಿ ಬರುತ್ತದೆ, ನಿಂತ ಗೆರೆ ಮಟ್ಟಸವಾಗಿ. ನಿನ್ನ ಹಾಳೆಯಲ್ಲಿ ಮಟ್ಟಸದ ಗೆರೆ ಹುಡುಕಬೇಕು. ಆಮ್‌ಸ್ಟರ್‌ಡ್ಯಾಮಿನಿಂದ ಪ್ರಾಗ್‌ಗೆ ರೈಲಿನಲ್ಲಿ ಹೆಚ್ಚುಕಡಿಮೆ ಒಂದಿಡೀ ಹಗಲು ಹೋಗುತ್ತದೆ. ಒಂದು ರೈಲು ತಡವಾದರೆ ಅದರ ನಂತರದ್ದೆಲ್ಲ ಕೆಡುತ್ತದೆ, ಕೊನೆಗೆ ಆ ಪೆಟ್ಟು ವಿಮಾನದ ಮೇಲೆ ಬೀಳುತ್ತದೆ.

ಯುರೋಪಿನಲ್ಲಿ ರೈಲು ತಡವಾಗಲ್ಲಪ್ಪ ಅಂದೆ ನೀನು. ಆಗುತ್ತದೆ ಮಗಳೆ. 2024ರಲ್ಲಿ ಜರ್ಮನಿಯ ದೂರದ ರೈಲುಗಳಲ್ಲಿ ಸಮಯಕ್ಕೆ ತಲುಪಿದ್ದು ಶೇ 62.5 ಮಾತ್ರ. ಅದೂ ಆರು ನಿಮಿಷದೊಳಗಿನ ತಡವನ್ನು ಅವರು ತಡ ಅಂತ ಎಣಿಸುವುದೇ ಇಲ್ಲ. ನೀನು ಇಳಿಯುವ ಸ್ಟುಟ್‌ಗಾರ್ಟ್ ಸ್ಟೇಷನ್ನನ್ನೇ ತೆಗೆದುಕೊ. ನೆಲದ ಮೇಲಿನ ಹದಿನಾರು ಲೈನಿನ ಟರ್ಮಿನಸ್ಸನ್ನು ನೆಲದಡಿಯ ಎಂಟು ಲೈನಿನ ಸ್ಟೇಷನ್ನಾಗಿ ಮಾಡುತ್ತೇವೆಂದು 2010ರಲ್ಲಿ ಕೆಲಸ ಶುರುಮಾಡಿದರು. ಉದ್ಘಾಟನೆಯ ತಾರೀಖು ಮುಂದಕ್ಕೆ ಹೋಗುತ್ತಲೇ ಇದೆ. ಕಟ್ಟುವ ಜಾಗವನ್ನು ಸುತ್ತು ಹಾಕಿಕೊಂಡು ಪ್ಲಾಟ್‌ಫಾರ್ಮಿಗೆ ನಡೆಯಬೇಕು. ಪೆಟ್ಟಿಗೆ ಎಳೆದುಕೊಂಡು ಅಷ್ಟು ದೂರ ನಡೆಯುವುದಕ್ಕೆ ಕಾಲು ಗಂಟೆ ಬೇರೆ ಇಟ್ಟುಕೊ.

ತಡ ಅಂದರೆ ನನಗೆ ಆ ರಾತ್ರಿ ನೆನಪಾಗುತ್ತದೆ. ನಿನಗೂ ಅಮ್ಮನಿಗೂ ಗೊತ್ತಿರುವುದು ರೈಲಿನ ಒಳಗಿನ ಕಥೆ, ಅದನ್ನು ಮತ್ತೆ ಬರೆಯುವುದಿಲ್ಲ. ಹೊರಗಿನದ್ದು ನಿನಗೆ ಗೊತ್ತಿಲ್ಲ. ನಾನು ಘಾಟಿಯ ಎಡಕುಮೇರಿಯಲ್ಲಿ ಸ್ಟೇಷನ್ ಮಾಸ್ಟರನಾಗಿ ರಾತ್ರಿ ಡ್ಯೂಟಿಯಲ್ಲಿದ್ದೆ. ಆ ಸ್ಟೇಷನ್ನಿಗೆ ರಸ್ತೆಯಿಲ್ಲ, ಸುತ್ತ ಕಾಡು, ಮೂರು ದಿನದಿಂದ ಬಿಡದ ಮಳೆ. ಹಿಂದಿನ ಸ್ಟೇಷನ್ ಕಡಗರವಳ್ಳಿಯವರು ಲೈನ್ ಕ್ಲಿಯರ್, ಅಂದರೆ ಗಾಡಿ ಬಿಡಲು ಒಪ್ಪಿಗೆ, ಕೇಳಿದರು, ಕೊಟ್ಟೆ. ಆಮೇಲೆ ಗಾಡಿ ನಮ್ಮೆರಡು ಸ್ಟೇಷನ್ನಿನ ನಡುವಿನ ಸೆಕ್ಷನ್ನಿಗೆ ಬಂತೆಂದು ಗಂಟೆ ಹೊಡೆಯಿತು. ಅಂದರೆ ನೀವಿಬ್ಬರೂ ಇರುವ ಗಾಡಿ ಅವರ ಕೈ ಬಿಟ್ಟು ನನ್ನ ಕಡೆ ಹೊರಟಿತು ಅಂತ. ಬರಬೇಕಾದ ಹೊತ್ತಾಯಿತು, ಬರಲಿಲ್ಲ. ಇನ್ನಷ್ಟು ಹೊತ್ತು ಕಾದೆ. ಕಡಗರವಳ್ಳಿಗೆ ಕೇಳಿದರೆ, ಇಲ್ಲಿಂದ ಹೊರಟಿದೆ ಸಾರ್ ಅಂತಾರೆ. ಕಂಟ್ರೋಲಿನವರು ನನ್ನನ್ನೇ ಕೇಳುತ್ತಾರೆ, ಎಲ್ಲಿದೆ ಗಾಡಿ, ಎಲ್ಲಿದೆ ಗಾಡಿ. ಗಾಡಿಯಲ್ಲಿ ನನ್ನ ಹೆಂಡತಿ, ಮಗಳು ಇದ್ದಾರೆಂದು ನಾನು ಅವರಿಗೆ ಹೇಳಲಿಲ್ಲ. ಹೇಳಿ ಏನು ಮಾಡುವುದಿತ್ತು? ಡ್ಯೂಟಿಯಲ್ಲಿ ಎಲ್ಲ ಗಾಡಿಯೂ ಒಂದೇ. ಪಾಯಿಂಟ್ಸ್‌ಮನ್ನನ್ನು ಲಾಟೀನು ಕೊಟ್ಟು ಹಳಿಯ ಮೇಲೆ ಅಷ್ಟು ದೂರ ಕಳಿಸಿದೆ. ಅವನು ಹೋದ ಮೇಲೆ ಕೋಣೆಯಲ್ಲಿ ನಾನೊಬ್ಬನೇ.

ಅದಿರಲಿ, ಪಟ್ಟಿಗೆ ಬರುತ್ತೇನೆ.

ಪ್ರಾಗ್ ಬಿಟ್ಟುಬಿಡು, ಆಮ್‌ಸ್ಟರ್‌ಡ್ಯಾಮ್ ಬಿಟ್ಟುಬಿಡು. ಅವು ಎಲ್ಲಿಗೂ ಹೋಗುವುದಿಲ್ಲ, ನೀನು ಮತ್ತೆ ಹೋಗುತ್ತೀಯ. ಸ್ಟುಟ್‌ಗಾರ್ಟ್, ಸ್ಟ್ರಾಸ್‌ಬರ್ಗ್, ಪ್ಯಾರಿಸ್ ಮೂರೂ ಒಂದೇ ದಾರಿಯ ಮೇಲಿವೆ. ನೇರ ರೈಲಿಗೆ ಪ್ಯಾರಿಸ್ ಮೂರು ಗಂಟೆ ಚಿಲ್ಲರೆ. ಸ್ಟ್ರಾಸ್‌ಬರ್ಗಿನಲ್ಲಿ ಒಂದು ರಾತ್ರಿ ಇರು. ಅಲ್ಲಿನ ಕೆಥೆಡ್ರಲ್ 142 ಮೀಟರ್ ಎತ್ತರ, 1647ರಿಂದ 1874ರವರೆಗೆ ಜಗತ್ತಿನಲ್ಲಿ ಅದಕ್ಕಿಂತ ಎತ್ತರದ ಕಟ್ಟಡ ಇರಲಿಲ್ಲವಂತೆ. ಅದರೊಳಗೊಂದು ಖಗೋಳ ಗಡಿಯಾರವಿದೆ. ಮಧ್ಯಾಹ್ನ ಹನ್ನೆರಡೂವರೆಗೆ ಯೇಸುವಿನ ಶಿಷ್ಯರ ಗೊಂಬೆಗಳು ಸಾಲಾಗಿ ಹೊರಗೆ ಬರುತ್ತವೆ. ಹನ್ನೆರಡಕ್ಕೆ ಅಲ್ಲ, ಹನ್ನೆರಡೂವರೆಗೆ. ಅದಕ್ಕಿಂತ ಮುಂಚೆ ಹೋಗಿ ನಿಲ್ಲು.

ಸ್ಟ್ರಾಸ್‌ಬರ್ಗಿನಿಂದ ಪ್ಯಾರಿಸ್ಸಿಗೆ ಹೋಗುವಾಗ ನಿದ್ದೆ ಮಾಡಬೇಡ. ಆ ಲೈನಿನ ಮೇಲೆಯೇ 2007ರ ಏಪ್ರಿಲ್ 3ರಂದು ಫ್ರಾನ್ಸಿನವರು ಗಂಟೆಗೆ 574.8 ಕಿಲೋಮೀಟರ್ ವೇಗದಲ್ಲಿ ಗಾಡಿ ಓಡಿಸಿ ದಾಖಲೆ ಮಾಡಿದರು. ದಿನನಿತ್ಯದ ಗಾಡಿ 320ರಲ್ಲಿ ಓಡುತ್ತದೆ. ನಾನು ಪೇಪರಿನಲ್ಲಿ ಓದಿ ಕತ್ತರಿಸಿ ಇಟ್ಟುಕೊಂಡಿದ್ದ ಲೈನಿನ ಮೇಲೆ ನನ್ನ ಮಗಳು ಕೂತು ಹೋಗುತ್ತಾಳೆ ಅನ್ನುವುದು ನನಗೆ ಚಿಕ್ಕ ಮಾತಲ್ಲ. ನೀರಿನ ಲೋಟ ಅಲುಗುತ್ತದೋ ಇಲ್ಲವೋ ನೋಡಿ ಹೇಳು.

ಪ್ಯಾರಿಸ್ಸಿಗೆ ನಾಲ್ಕು ದಿನ ಇಡು. ಐಫೆಲ್ ಟವರನ್ನು ನಾನು ಹೇಳದಿದ್ದರೂ ನೋಡುತ್ತೀಯ. ನನಗೋಸ್ಕರ ಓರ್ಸೆ ಮ್ಯೂಸಿಯಮ್ಮಿಗೆ ಹೋಗು. ಅದು ಮೊದಲು ರೈಲ್ವೆ ಸ್ಟೇಷನ್. 1900ರ ವಸ್ತುಪ್ರದರ್ಶನಕ್ಕೆಂದು ಕಟ್ಟಿದ್ದು. ಗಾಡಿಗಳು ಉದ್ದವಾಗುತ್ತ ಹೋದವು, ಪ್ಲಾಟ್‌ಫಾರ್ಮು ಸಾಲದೆ 1939ರ ಹೊತ್ತಿಗೆ ದೂರದ ಗಾಡಿಗಳು ನಿಂತುಹೋದವು. ಕೆಡವದೆ ಉಳಿಸಿಕೊಂಡು 1986ರಲ್ಲಿ ಮ್ಯೂಸಿಯಂ ಮಾಡಿದರು. ಸೋಮವಾರ ರಜೆ. ಲೂವ್ರ್ ಮ್ಯೂಸಿಯಮ್ಮಿಗೆ ಮಂಗಳವಾರ ರಜೆ. ನೋತ್ರ್ ದಾಮ್ ಚರ್ಚು 2019ರಲ್ಲಿ ಸುಟ್ಟಿತ್ತಲ್ಲ, 2024ರ ಡಿಸೆಂಬರಿನಲ್ಲಿ ಮತ್ತೆ ತೆರೆದಿದ್ದಾರೆ, ಒಳಗೆ ಹೋಗಲು ದುಡ್ಡಿಲ್ಲ. ಮಧ್ಯದ ಶನಿವಾರ ಸ್ಟುಟ್‌ಗಾರ್ಟಿನಲ್ಲಿ ಸುಮ್ಮನೆ ರೂಮಿನಲ್ಲಿ ಮಲಗಬೇಡ. ಒಂದು ಗಂಟೆ ದೂರದಲ್ಲಿ ಟ್ಯೂಬಿಂಗನ್ ಇದೆ. 1894ರಲ್ಲಿ ನಮ್ಮ ಭಾಷೆಗೆ ನಿಘಂಟು ಮಾಡಿಕೊಟ್ಟ ಕಿಟೆಲ್ ಸಾಹೇಬರು ಕೊನೆಯುಸಿರೆಳೆದ ಊರು ಅದು, 1903ರಲ್ಲಿ. ಕನ್ನಡದ ಹುಡುಗಿ ಅಷ್ಟು ಹತ್ತಿರ ಹೋಗಿ ನೋಡದೆ ಬರಬಾರದು.

ಗೊಟ್ಟಾರ್ಡ್ ಸುರಂಗದ ಮಾತು ಬರೆಯಬಾರದು ಅಂದುಕೊಂಡಿದ್ದೆ. ಬರೆಯದೆ ಇರಲಾಗುತ್ತಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ ನಮ್ಮ ಘಾಟಿಯಲ್ಲಿ 57 ಸುರಂಗ. ಸ್ವಿಟ್ಜರ್ಲೆಂಡಿನವರು 2016ರಲ್ಲಿ ತೆರೆದ ಗೊಟ್ಟಾರ್ಡ್ ಸುರಂಗ ಒಂದೇ 57 ಕಿಲೋಮೀಟರ್. ನಮ್ಮದು ಐವತ್ತಕ್ಕೆ ಒಂದರ ಏರು, ಹಿಂದೆ ಬ್ಯಾಂಕರ್ ಇಂಜಿನ್ ಹಾಕಿ ತಳ್ಳಬೇಕು. ಅವರು ಬೆಟ್ಟ ಹತ್ತುವ ಗೋಜೇ ಬೇಡವೆಂದು ಬುಡದಲ್ಲೇ ಕೊರೆದು, ಇಪ್ಪತ್ತು ನಿಮಿಷದಲ್ಲಿ ಆಚೆ ತಲುಪಿಸುತ್ತಾರೆ. ನೀನು ಜೂರಿಕ್ ಕಡೆಯಿಂದ ಅದರೊಳಗೆ ಹೋಗಿ ಬರಬೇಕೆಂದು ನನಗೆ ಎಷ್ಟು ಆಸೆಯಿದೆ ಅಂದರೆ, ಆ ಗ್ರಾಫ್ ಹಾಳೆಯಲ್ಲಿ ಅದಕ್ಕೂ ಒಂದು ಗೆರೆ ಎಳೆದು ನೋಡಿದೆ. ಪ್ಯಾರಿಸ್ಸಿನ ದಿನಗಳು ಅರ್ಧವಾಗುತ್ತವೆ. ಅಳಿಸಿದೆ. ಈ ಸಲ ಬೇಡ.

ವಾಪಸ್ ಟಿಕೆಟ್ಟನ್ನು ಕಂಪನಿಯವರು ಪ್ಯಾರಿಸ್ಸಿನಿಂದಲೇ ಮಾಡಿಸಿಕೊಡುತ್ತಾರೋ ಕೇಳು. ದುಡ್ಡು ಹೆಚ್ಚಾದರೆ ಆ ವ್ಯತ್ಯಾಸ ನಿನ್ನದು, ಅದನ್ನು ಮೊದಲೇ ಇಮೇಲಿನಲ್ಲಿ ಬರೆಸಿಕೊ. ಬಾಯಿಮಾತಿನಲ್ಲಿ ಒಪ್ಪಿದ ಮ್ಯಾನೇಜರು ನೀನು ಬರುವ ಹೊತ್ತಿಗೆ ಬೇರೆ ಕಡೆಗೆ ವರ್ಗವಾಗಿರಬಹುದು. ಕೆಲಸದ ದಿನದ ಬಿಲ್ಲು ಒಂದು ಕವರು, ರಜೆಯ ಬಿಲ್ಲು ಇನ್ನೊಂದು ಕವರು. ಒಂದು ಕಾಫಿಯ ಬಿಲ್ಲೂ ಆಚೀಚೆ ಆಗಬಾರದು. ಇನ್ಶೂರೆನ್ಸ್, ಯುರೋಪಿನ ಹಲವು ದೇಶಕ್ಕೆ ಒಂದೇ ಆದ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋದ್ದು ಬೇಕೇಬೇಕು, ಅದನ್ನು ಕಂಪನಿ ಮಾಡಿಸಿದೆ, ಸರಿ. ಆದರೆ ಅದು ಕೆಲಸದ ದಿನಗಳಿಗೆ ಮಾತ್ರವೋ, ರಜೆಯ ಆರು ದಿನಕ್ಕೂ ಇದೆಯೋ? ಆ ಕಾಗದ ತೆಗೆದು ತಾರೀಖು ಓದು. ವೀಸಾದಲ್ಲಿ ಎಲ್ಲಿಂದ ಎಲ್ಲಿಯವರೆಗೆ ಎಂಬ ತಾರೀಖು ಬೇರೆ, ಒಟ್ಟು ಎಷ್ಟು ದಿನ ಇರಬಹುದು ಎಂಬ ಸಂಖ್ಯೆ ಬೇರೆ. ತಾರೀಖು ಉದ್ದ ಇದೆ ಎಂದು ದಿನ ಮೀರಬೇಡ. 2025ರ ಅಕ್ಟೋಬರಿನಿಂದ ಬೆರಳಚ್ಚು, ಫೋಟೋ ತೆಗೆದು ಕಂಪ್ಯೂಟರಿನಲ್ಲೇ ದಿನ ಎಣಿಸುವ ವ್ಯವಸ್ಥೆ ಶುರುವಾಗಿದೆ. ಅದಕ್ಕೆ ಸಾಲು ಉದ್ದವಿರುತ್ತದೆ, ಬರುವಾಗಲೂ ಬೇಗ ಏರ್‌ಪೋರ್ಟ್ ಸೇರು.

ರೈಲಿನದ್ದು ಇನ್ನೂ ಸ್ವಲ್ಪ ಇದೆ. ಅಗ್ಗದ ಟಿಕೆಟ್ಟು ಆ ಒಂದು ಗಾಡಿಗೆ ಮಾತ್ರ. ಜರ್ಮನಿಯಲ್ಲಿ, ಸೇರಬೇಕಾದ ಊರಿಗೆ ಇಪ್ಪತ್ತು ನಿಮಿಷವೋ ಅದಕ್ಕಿಂತ ಹೆಚ್ಚೋ ತಡವಾಗುವ ಹಾಗಿದ್ದರೆ ಬೇರೆ ಗಾಡಿ ಹತ್ತಬಹುದು. ಒಂದು ಗಂಟೆ ತಡವಾದರೆ ಕಾಲು ಭಾಗ, ಎರಡು ಗಂಟೆಯಾದರೆ ಅರ್ಧ ದುಡ್ಡು ಕೇಳಬಹುದು. ಬೇರೆ ಬೇರೆ ತುಂಡು ಟಿಕೆಟ್ ತೆಗೆದಿದ್ದರೆ ಮುಂದಿನ ಗಾಡಿ ತಪ್ಪಿದ್ದಕ್ಕೆ ಯಾರೂ ಹೊಣೆಯಲ್ಲ. ಕೆಲವು ಗಾಡಿ ದಾರಿಯಲ್ಲಿ ಎರಡಾಗುತ್ತವೆ, ಬೆಂಗಳೂರಿನಿಂದ ಹೊರಟ ನಮ್ಮ ಗಾಡಿ ಮಂಗಳೂರಿನಲ್ಲಿ ಕಣ್ಣೂರಿಗೊಂದು, ಕಾರವಾರಕ್ಕೊಂದು ಆಗುತ್ತಿದ್ದ ಹಾಗೆ. ಹತ್ತುವ ಮುಂಚೆ ಬೋಗಿಯ ಮೇಲಿನ ಬೋರ್ಡು ಓದು. ಫ್ರಾನ್ಸಿನಲ್ಲಿ ಹೊರಡುವ ಎರಡು ನಿಮಿಷ ಮುಂಚೆಯೇ ಬಾಗಿಲು ಮುಚ್ಚುತ್ತಾರೆ, ಓಡಿ ಹಿಡಿಯುವ ಆಟ ಅಲ್ಲಿ ನಡೆಯುವುದಿಲ್ಲ. ನವೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು. ಹೊಸ ಊರಿಗೆ ಬೆಳಕಿರುವಾಗಲೇ ಇಳಿ. ಆಫೀಸಿನ ಲ್ಯಾಪ್‌ಟಾಪ್ ಇರುವ ಚೀಲವನ್ನು ತಲೆಯ ಮೇಲಿನ ರ‍್ಯಾಕಿಗೆ ಹಾಕಬೇಡ, ಕಾಲಿಗೆ ತಗುಲುವ ಹಾಗೆ ಇಟ್ಟುಕೊ. ಪ್ಯಾರಿಸ್ಸಿನ ಮೆಟ್ರೋದಲ್ಲಿ ಜೇಬುಗಳ್ಳರ ಕಾಟವಿದೆ. ಏನೇ ಆದರೂ 112ಕ್ಕೆ ಫೋನ್ ಮಾಡು, ನೀನು ಹೋಗುವ ಎಲ್ಲ ದೇಶದಲ್ಲೂ ಅದೇ ನಂಬರು.

ಉಪದೇಶ ಸಾಕು ಅನ್ನುತ್ತೀಯ, ಗೊತ್ತು. ಆ ರಾತ್ರಿ ಆ ಕೋಣೆಯಲ್ಲಿ ಕೂತವನಿಗೆ ಇದು ಉಪದೇಶವಲ್ಲ ಪುಟ್ಟಿ. ಪಾಯಿಂಟ್ಸ್‌ಮನ್ ಹೋದ ಮೇಲೆ ನಾನು ಬ್ಲಾಕ್ ಇನ್‌ಸ್ಟ್ರುಮೆಂಟನ್ನೇ ನೋಡುತ್ತ ಕೂತೆ. ಗಾಡಿ ಸೆಕ್ಷನ್ನಿನಲ್ಲಿದೆ ಎಂದು ಅದು ತೋರಿಸುತ್ತಿತ್ತು. ಹಳಿಯ ಮೇಲೆ ನಿಂತಿದೆಯೋ, ಕಣಿವೆಗೆ ಬಿದ್ದಿದೆಯೋ ಅದಕ್ಕೆ ಗೊತ್ತಾಗುವುದಿಲ್ಲ, ಎರಡಕ್ಕೂ ಅದು ತೋರಿಸುವುದು ಒಂದೇ. ಅಂಥ ಹೊತ್ತಿನಲ್ಲಿ ಏನೇನು ಮಾಡಬೇಕೆಂದು ರೂಲ್ ಬುಕ್ಕಿನಲ್ಲಿ ಇದೆಯೋ ಅದನ್ನೆಲ್ಲ ಮಾಡಿದ್ದೆ. ಮಾಡುವುದು ಏನೂ ಉಳಿದಿರಲಿಲ್ಲ, ಅದೇ ಕಷ್ಟ. ಮಳೆಗಾಲದ ಗಸ್ತಿನ ಒಬ್ಬ ಗ್ಯಾಂಗ್‌ಮನ್ ಕುಸಿದ ಮಣ್ಣು ನೋಡಿ, ಕೆಂಪು ದೀಪ ಹಿಡಿದು ಎದುರಿಗೆ ಓಡಿ ನಿಮ್ಮ ಗಾಡಿ ನಿಲ್ಲಿಸಿದ್ದ. ಅದು ನನಗೆ ತಿಳಿಯುವ ಹೊತ್ತಿಗೆ ಬೆಳಗಾಗುತ್ತಿತ್ತು. ಗಾಡಿ ಬಂದಾಗ ಹಸಿರು ಬಾವುಟ ಹಿಡಿದು ನಿಂತೆ. ನಿಮ್ಮ ಬೋಗಿಯ ಕಿಟಕಿಗಳೆಲ್ಲ ಮುಚ್ಚಿದ್ದವು. ಮುಂದಿನ ಸ್ಟೇಷನ್ ಶಿರಿಬಾಗಿಲಿಗೆ ಗಾಡಿ ಹೊರಟಿತೆಂದು ತಿಳಿಸಿ, ರಿಜಿಸ್ಟರಿನಲ್ಲಿ ಹೊತ್ತು ಬರೆದೆ.

ಅವತ್ತಿನಿಂದ ನೀನು ಯಾವ ಗಾಡಿ ಹತ್ತಿದರೂ ಯಾವ ಸ್ಟೇಷನ್ ದಾಟಿತು ಎಂದು ಕೇಳುತ್ತೇನೆ. ಹಾಸ್ಟೆಲಿನ ದಿನಗಳಲ್ಲಿ ನಿನಗೆ ಗೆಳತಿಯರ ಮುಂದೆ ನಾಚಿಕೆಯಾಗುತ್ತಿತ್ತು. ನಂಬಿಕೆ ಇಲ್ಲದೆ ಕೇಳುತ್ತಿದ್ದದ್ದಲ್ಲ.

ಇನ್ನೊಂದು ಮಾತು ಫೋನಿನಲ್ಲಿ ಬಾಯಿಗೆ ಬರಲಿಲ್ಲ. ವರ್ಷ ವರ್ಷ ನಮಗೆ ರೈಲ್ವೆ ಪಾಸು ಸಿಗುತ್ತಿತ್ತು, ಜಮ್ಮುವಿನವರೆಗೂ ಹೋಗಬಹುದಿತ್ತು. ಘಾಟಿ ಸ್ಟೇಷನ್ನಿಗೆ ಬದಲಿ ಬರುವವರು ಇರುತ್ತಿರಲಿಲ್ಲ, ರಜೆ ಮಂಜೂರಾಗುತ್ತಿರಲಿಲ್ಲ, ಪಾಸು ಹಾಗೇ ಮುಗಿದುಹೋಗುತ್ತಿತ್ತು. ನಿಮ್ಮಿಬ್ಬರನ್ನು ಎಲ್ಲಿಗೂ ಕರೆದುಕೊಂಡು ಹೋಗಲಾಗಲಿಲ್ಲ ಎಂಬ ನೋವು ನನಗಿದೆ. ನಿನ್ನ ಸಂಬಳದಲ್ಲಿ, ನಿನ್ನ ರಜೆಯಲ್ಲಿ, ಒಬ್ಬಳೇ ನೀನು ಪ್ಯಾರಿಸ್ ನೋಡುತ್ತೀಯ ಅಂದರೆ ಅದಕ್ಕೆ ಅಡ್ಡ ನಿಲ್ಲುವವನು ನಾನಲ್ಲ. ಹೋಗು. ಹೆಚ್ಚಿಗೆ ದುಡ್ಡು ಬೇಕಾದರೆ ಕೇಳು, ಸಂಕೋಚ ಬೇಡ.

ಶನಿವಾರ ಬೆಳಗಿನ ಗಾಡಿಗೆ ನಾವಿಬ್ಬರೂ ಬೆಂಗಳೂರಿಗೆ ಬರುತ್ತೇವೆ. ಅಮ್ಮ ಚಟ್ನಿಪುಡಿ, ಅವಲಕ್ಕಿ ಕಟ್ಟಿಟ್ಟಿದ್ದಾಳೆ. ತುಪ್ಪದ ಬಾಟಲಿಯನ್ನು ನಾನೇ ತೆಗೆಸಿದೆ, ಹಾಲಿನ ಪದಾರ್ಥ ಅಲ್ಲಿ ಒಳಗೆ ಬಿಡುವುದಿಲ್ಲ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಸ್ಟೇಷನ್ನಿನೊಳಗಿನವು ತೆರೆದಿರುತ್ತವೆ. ಇಳಿದ ದಿನ ಹಾಲು, ಬ್ರೆಡ್ಡು ಅಲ್ಲೇ ತಗೊ. ನಿನ್ನ ರಾತ್ರಿ ಹತ್ತು ಅಂದರೆ ನಮಗೆ ಬೆಳಗಿನ ಜಾವ ಎರಡೂವರೆ, ಆದರೂ ಫೋನ್ ಮಾಡು, ನಾನು ಎದ್ದಿರುತ್ತೇನೆ. ಮೂರು ಊರಿನ ಹೊಸ ಪಟ್ಟಿ ಮಾಡಿ ಶುಕ್ರವಾರದೊಳಗೆ ಕಳಿಸು, ನೋಡಿ ಹೇಳುತ್ತೇನೆ. ಪ್ಯಾರಿಸ್ ಟಿಕೆಟ್ಟಿನ ದರ ದಿನದಿಂದ ದಿನಕ್ಕೆ ಏರುತ್ತದೆ, ತಡ ಮಾಡಬೇಡ.

ನಿನ್ನ ಅಪ್ಪ